ಸೊಕ್ಕೆಯ ಅಳತೆಗಾರನ ಎಣಿಕೆ

ಧರ್ಮಪ್ಪನವರು ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಊರುಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸಾಲಾಗಿ ಹೇಳಬಲ್ಲರು. ಬಾಯಿಯಿಂದಲೇ ಬದುಕಿದ ಮನುಷ್ಯ. ಅಂಥವರಿಗೆ ಈ ಡಿಸೆಂಬರಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ ಬಂದಿತ್ತು. ಆ ಕೆಲಸ ಕೊಟ್ಟವಳು ಮೊಮ್ಮಗಳು ರಕ್ಷಾ.

ರಕ್ಷಾ ಮೈಸೂರಿನಲ್ಲಿ ಮಾತಿನ ತೊಂದರೆಗಳ ಚಿಕಿತ್ಸೆಯ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಇದು ಕೊನೆಯ ವರ್ಷ. ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಯಾರಾದರೂ, "ನಿಮ್ಮ ಮೊಮ್ಮಗಳದು ಎಂಥ ಓದ್ರೀ?" ಎಂದು ಕೇಳಿದರೆ ಸಾಕು, ಧರ್ಮಪ್ಪನವರು ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಿಲ್ಲುತ್ತಿದ್ದರು.

"ನೋಡ್ರಿ, ಮೊದ್ಲು ನಾಲ್ಕು ವರ್ಷ ಎಲ್ಲಾನೂ ಕಲೀತಾರೆ. ತೊದಲೋರು, ಕಿವಿ ಕೇಳ್ದೆ ಮಾತು ಬರದ ಕೂಸು, ಗಂಟಲು ಆಪರೇಷನ್ ಆದೋರು, ಅನ್ನ ನುಂಗಾಕೆ ಆಗದೋರು, ಎಲ್ಲಾ. ಆಮೇಲೆ ಎಂ.ಎಸ್ಸಿ.ನಾಗೆ ಒಂದನ್ನ ಹಿಡ್ಕಂಡು ಆಳಕ್ಕೆ ಇಳೀಬೇಕು. ನಮ್ಮ ಹುಡುಗಿ ಲಕ್ವ ಹೊಡೆದು ಮಾತು ಬಿದ್ದೋದೋರದನ್ನ ಹಿಡ್ದಾಳೆ. ಅದಕ್ಕೆ ಅಫೇಸಿಯ ಅಂತಾರೆ."

ಆ ಕೊನೆಯ ಪದವನ್ನು ಅವರು ಟಿಕೆಟ್ ಹರಿದು ಕೊಟ್ಟಷ್ಟು ಖಚಿತವಾಗಿ ಹೇಳುತ್ತಿದ್ದರು. ಅವಳು ಅದನ್ನೇ ಏಕೆ ಹಿಡಿದಳು ಎಂಬುದನ್ನು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಿರಲಿಲ್ಲ.

ಅವರ ಹೆಂಡತಿ ಗಿಡ್ಡಮ್ಮನಿಗೆ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ಹೋಯಿತು. ಮಾತಿನ ಜೊತೆ ಬುದ್ಧಿಯೂ ಹೋಯಿತೆಂದು ಮನೆಯವರೆಲ್ಲ ತಿಳಿದರು. ಧರ್ಮಪ್ಪನವರೂ ಹಾಗೆಯೇ ತಿಳಿದು ಆಕೆಯ ಮುಂದೆ ಕಿವುಡರಿಗೆ ಹೇಳಿದಂತೆ ಗಟ್ಟಿಯಾಗಿ ಕೂಗುತ್ತಿದ್ದರು, ಇಲ್ಲವೇ ಆಕೆ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಆಕೆಯ ಔಷಧದ ಮಾತು, ಸಾವಿನ ಮಾತು ಆಡುತ್ತಿದ್ದರು. ಆಗಿನ್ನೂ ಮೊದಲ ಪದವಿಯಲ್ಲಿದ್ದ ರಕ್ಷಾ ರಜೆಗೆ ಬಂದವಳು ಅಜ್ಜಿಯ ಪಕ್ಕ ಕೂತು ಚಿತ್ರಗಳನ್ನು ಹರವಿದಳು. ತಂಬಿಗೆ ಯಾವುದು, ಬಾಗಿಲು ಯಾವುದು, ಬೀಗರು ಬಂದಾಗ ಹಾಸುವುದು ಯಾವುದು ಎಂದು ಕೇಳಿದಳು. ಗಿಡ್ಡಮ್ಮ ಎಡಗೈ ಬೆರಳಿನಿಂದ ಒಂದೊಂದನ್ನೂ ತಪ್ಪದೆ ಮುಟ್ಟಿದರು. "ತಾತ, ಅಜ್ಜಿಗೆ ಎಲ್ಲಾ ತಿಳೀತೈತೆ. ಬಾಯಿಗೆ ಬರಾಕೆ ದಾರಿ ಸಿಗ್ತಿಲ್ಲ ಅಷ್ಟೆ" ಎಂದಳು. ಧರ್ಮಪ್ಪನವರು ಆ ದಿನ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅದಾದ ನಾಲ್ಕು ತಿಂಗಳಿಗೆ ಗಿಡ್ಡಮ್ಮ ತೀರಿಕೊಂಡರು. ಆ ನಾಲ್ಕು ತಿಂಗಳಾದರೂ ತಾನು ಮೆಲ್ಲಗೆ, ಮನುಷ್ಯರೊಡನೆ ಮಾತಾಡುವಂತೆ ಮಾತಾಡಿದೆನಲ್ಲ ಎಂಬುದೊಂದೇ ಅವರಿಗೆ ಉಳಿದ ಸಮಾಧಾನ. ಅದನ್ನು ದೇವರೇ ಮೊಮ್ಮಗಳ ಕೈಯಲ್ಲಿ ಕೊಡಿಸಿದ ಎಂದು ನಂಬಿದ್ದರು.

ಈಗ ರಕ್ಷಾಳ ಪ್ರಬಂಧದ ವಿಷಯವೂ ಅಲ್ಲಿಂದಲೇ ಹುಟ್ಟಿದ್ದು. ಮಾತು ಬಿದ್ದವರನ್ನು ಪರೀಕ್ಷಿಸಲು ಇರುವ ಪದಗಳ ಪಟ್ಟಿ ಬೇರೆ ಕಡೆಯ ಕನ್ನಡದಲ್ಲಿ ಮಾಡಿದ್ದು. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು ನೋಡಬೇಕು. ತಾಲ್ಲೂಕಿಗೆ ಆರು ಮಂದಿಯಂತೆ ಇಪ್ಪತ್ತನಾಲ್ಕು ಮಂದಿ ಬೇಕು. ಸೇರಿದವರಿಗೆಲ್ಲ ಆರು ತಿಂಗಳು ವಾರಕ್ಕೊಮ್ಮೆ ಮೊಬೈಲಿನಲ್ಲಿ ಮಾತಿನ ಪಾಠ ಸಿಗುತ್ತದೆ. ಇಪ್ಪತ್ತಮೂರು ಮಂದಿ ಆಗಿದ್ದರು. ಜಗಳೂರಿನಿಂದ ಒಬ್ಬರು ಬಾಕಿ. ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿ ಗೈಡ್ ಜ್ಯೋತಿಲಕ್ಷ್ಮಿ ಮೇಡಂ ಅವರಿಗೆ ಇಪ್ಪತ್ತನಾಲ್ಕೂ ಕಡತ ಒಪ್ಪಿಸಬೇಕು. ಒಂದು ಕಡಿಮೆಯಾದರೂ ಪ್ರಬಂಧ ಮುಂದಿನ ಸಲಕ್ಕೆ, ಎಂದರೆ ಆರು ತಿಂಗಳ ಆಚೆಗೆ ಹೋಗುತ್ತದೆ. ಇಂದು ಶುಕ್ರವಾರ.

ಬಾಯಿ ಮುಚ್ಚಿಕೊಳ್ಳುವ ಕೆಲಸ ಬಂದದ್ದು ಹೊನ್ನಾಳಿಯಿಂದ. ಅಲ್ಲಿ ಒಬ್ಬ ಮುದುಕಿಗೆ ರಕ್ಷಾ ಒನಕೆಯ ಚಿತ್ರ ತೋರಿಸಿದ್ದಳು. ಆಕೆ ತುಟಿ ಅಲುಗಿಸಿ, ಕಣ್ಣು ಹಿಗ್ಗಿಸಿ, ಒದ್ದಾಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಧರ್ಮಪ್ಪನವರು ತಡೆಯಲಾಗದೆ, "ಒನ... ಒನ..." ಎಂದುಬಿಟ್ಟರು. ಮುದುಕಿ "ಒನಕೆ!" ಎಂದು ಕೈ ತಟ್ಟಿ ನಕ್ಕರು. ಧರ್ಮಪ್ಪನವರೂ ನಕ್ಕರು. ರಕ್ಷಾ ಮಾತ್ರ ಆ ಕಾಗದಗಳ ಮೇಲೆ ಅಡ್ಡ ಗೆರೆ ಎಳೆದು ಬೇರೆ ಚೀಲದಲ್ಲಿಟ್ಟಳು. ಯಾರೂ ಸುಳಿವು ಕೊಡಬಾರದು, ಕೊಟ್ಟರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಬೈಯಲಿಲ್ಲ, ನ್ಯಾಮತಿ ಬರುವ ತನಕ ಮಾತೂ ಆಡಲಿಲ್ಲ. ಆ ಸಂಜೆ ಧರ್ಮಪ್ಪನವರು ಉಚ್ಚಂಗೆಮ್ಮನ ಪಟದ ಮುಂದೆ ಕರ್ಪೂರ ಹಚ್ಚಿ, "ಇನ್ನು ಮೊಮ್ಮಗಳ ಪರೀಕ್ಷೆಯಾಗೆ ಬಾಯಿ ಹಾಕಿದ್ರೆ ನಿನ್ನಾಣೆ" ಎಂದು ಆಣೆ ಮಾಡಿದ್ದರು.

ಅವರನ್ನು ಊರೂರು ತಿರುಗಿಸುತ್ತಿದ್ದ ಓಮ್ನಿ ವ್ಯಾನಿನ ಗೌಸ್‌ಪೀರ್ ಹಳೆಯ ಸ್ನೇಹಿತ. ಅವನಿಗೆ ಇದೊಂದು ತಮಾಷೆ. "ಕಂಡಕ್ಟರ್ ಸಾಹೇಬ್ರ ಬಾಯಿಗೆ ಬೀಗ ಹಾಕ್ದೋರು ಇದುವರೆಗೂ ಹುಟ್ಟಿರ್ಲಿಲ್ಲ ನೋಡವ್ವ. ಡಿಪೋ ಮ್ಯಾನೇಜರ್ ಕೈಲಾಗಿರ್ಲಿಲ್ಲ, ನೀನು ಮಾಡ್ದೆ."

"ನೀನು ರೋಡ್ ನೋಡಿ ಓಡ್ಸೋ ಮಾರಾಯ" ಎಂದರು ಧರ್ಮಪ್ಪನವರು.

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಅವರು ನೋಡಬೇಕಾಗಿದ್ದವರು ಚಿಕ್ಕಹನುಮಂತಪ್ಪ. ಅರವತ್ತೆಂಟು ವಯಸ್ಸು. ನಲವತ್ತು ವರ್ಷ ಸುತ್ತಿನ ಊರುಗಳ ಕಣಗಳಲ್ಲಿ ರಾಶಿ ಅಳೆದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಬಿಸಿಲಿಗೆ ಹರವಿತ್ತು. ಅದರ ಮಗ್ಗುಲಲ್ಲೇ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಅವರನ್ನು ಕೂರಿಸಿದ್ದರು. ಒಗೆದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಸೊಸೆ ನಾಗರತ್ನ ಅದನ್ನೆಲ್ಲ ಮಾಡಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಒಂದು ಕೇಳ್ತೀನಿ ಕಣಮ್ಮ. ಊರೋರೆಲ್ಲ ನಮ್ಮ ಮಾವಂಗೆ ತಲೆ ಕೆಟ್ಟೈತೆ ಅಂತಾರೆ. ಹಬ್ಬದಾಗೆ, ಮದುವೆಯಾಗೆ ಕರ್ಯಾದು ಬಿಟ್ರು. ಇವ್ರಿಗೆ ಬುದ್ಧಿ ಐತೋ ಇಲ್ಲೋ, ಅದೊಂದು ಹೇಳಿ ಹೋಗ್ರಿ. ಬೇರೇನೂ ಬ್ಯಾಡ."

"ನೋಡೋಣ ಅಕ್ಕ" ಎಂದು ರಕ್ಷಾ ಸ್ಟೂಲು ಎಳೆದುಕೊಂಡಳು.

ಹೆಸರು ಕೇಳಿದರೆ ಚಿಕ್ಕಹನುಮಂತಪ್ಪ "ಆ... ಆ..." ಎಂದು ಎಡಗೈ ಆಡಿಸಿದರು. ಊರು ಕೇಳಿದರೂ ಅಷ್ಟೆ. ಅದಾದ ಮೇಲೆ ಎಣಿಕೆ. ಒಂದರಿಂದ ಇಪ್ಪತ್ತರವರೆಗೆ ಹೇಳಬೇಕು. ಮಾತು ಬಿದ್ದವರಲ್ಲೂ ಬಾಯಿಪಾಠದ ಎಣಿಕೆ ಬಹಳ ಸಲ ಉಳಿದಿರುತ್ತದೆ. ಅದರಲ್ಲಿ ಹತ್ತಾದರೂ ಬಂದರೆ ಮುಂದಿನ ಪರೀಕ್ಷೆ. ಬರದಿದ್ದರೆ ಈ ಅಧ್ಯಯನಕ್ಕೆ ಅವರನ್ನು ತೆಗೆದುಕೊಳ್ಳುವಂತಿಲ್ಲ.

"ಯಜಮಾನ್ರೆ, ಒಂದರಿಂದ ಎಣಿಸ್ರಿ."

ಮುದುಕ ರಾಶಿಯ ಕಡೆ ನೋಡಿದರು. ಬೆನ್ನು ನೆಟ್ಟಗೆ ಮಾಡಿದರು. "ಲಾಭ" ಎಂದರು. ಇಷ್ಟು ಹೊತ್ತು ತೊಡರಿದ್ದ ದನಿ ಸ್ವಚ್ಛವಾಗಿ ಬಂತು. "ಲಾಭ... ಲಾಭ... ಲಾಭ..."

ರಕ್ಷಾ ಕೈ ಎತ್ತಿ ನಿಲ್ಲಿಸಿದಳು. ನಿಯಮದ ಪ್ರಕಾರ ಒಮ್ಮೆ ಮೊದಲ ಅಂಕಿಯನ್ನು ತಾನೇ ಹೇಳಿಕೊಡಬಹುದು. "ಒಂದು..." ಎಂದಳು. ಮುದುಕ ತಲೆ ಅಡ್ಡಡ್ಡ ಆಡಿಸಿ, ಮತ್ತೆ "ಲಾಭ... ಲಾಭ..." ಎಂದರು. ಮೂರನೆಯ ಸಲವೂ ಅದೇ. ರಕ್ಷಾ ಸೊನ್ನೆ ಬರೆದಳು.

ಧರ್ಮಪ್ಪನವರು ಗೋಡೆಗೆ ಒರಗಿ ಕೂತು ತುಟಿ ಬಿಗಿದಿದ್ದರು. ಅವರಿಗೆ ಆ ಗಳಿಗೆಯಲ್ಲಿ ವಿಶೇಷವೇನೂ ಅನ್ನಿಸಲಿಲ್ಲ. ಹುಡುಗನಾಗಿದ್ದಾಗಿನಿಂದ ಕಣದಲ್ಲಿ ಕೇಳಿದ ಮಾತು. ಅಳತೆಗಾರ ಎಣಿಸುತ್ತಿದ್ದಾನೆ ಎಂದಷ್ಟೇ ಕಿವಿಗೆ ಬಿತ್ತು. ರಕ್ಷಾ ಕಾಗದ ಮಡಿಚಿ ನಾಗರತ್ನಳನ್ನು ಪಕ್ಕಕ್ಕೆ ಕರೆದು ಹೇಳಿದಾಗಲೇ ಅವಳು ಅದನ್ನು ಎಣಿಕೆಯೆಂದು ತಿಳಿದಿಲ್ಲ ಎಂಬುದು ಅವರಿಗೆ ಹೊಳೆದದ್ದು.

"ಅಕ್ಕ, ಲಕ್ವ ಹೊಡೆದ ಕೆಲವರಿಗೆ ಒಂದೇ ಒಂದು ಪದ ಬಾಯಾಗೆ ಸಿಕ್ಕಾಕ್ಕೊಂಡಿರುತ್ತೆ. ಏನು ಕೇಳಿದ್ರೂ ಅದೇ ಬರುತ್ತೆ. ಅರ್ಥ ಇಟ್ಕೊಂಡು ಆಡೋ ಮಾತಲ್ಲ ಅದು. ಈ ನನ್ನ ಕೆಲಸಕ್ಕೆ ಇವ್ರನ್ನ ಸೇರಿಸ್ಕಳಾಕೆ ಬರಲ್ಲ. ದಾವಣಗೆರೆಯಾಗೆ ಬೇರೆ ಕಡೆ ಬರ್ಕೊಡ್ತೀನಿ."

ನಾಗರತ್ನ ಮಾವನ ಕಡೆ ನೋಡಿದಳು. "ಅಂದ್ರೆ ಊರೋರು ಅಂದಿದ್ದೇ ನಿಜ ಆತು" ಎಂದು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಧರ್ಮಪ್ಪನವರು ಕಾಫಿಯ ಲೋಟ ಕೆಳಗಿಟ್ಟರು. ಬಾಯಿ ತೆರೆಯಬೇಕೆಂದುಕೊಂಡರು, ಉಚ್ಚಂಗೆಮ್ಮನ ಪಟ ಕಣ್ಣ ಮುಂದೆ ಬಂತು. ಹೊನ್ನಾಳಿಯ ಕಾಗದದ ಮೇಲಿನ ಅಡ್ಡ ಗೆರೆಯೂ ಬಂತು. ಚಿಕ್ಕಹನುಮಂತಪ್ಪ ಮಾತ್ರ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಆ ನೋಟ ಧರ್ಮಪ್ಪನವರಿಗೆ ಗೊತ್ತಿದ್ದ ನೋಟ. ಅವರ ಮನೆಯಲ್ಲೇ, ರಕ್ಷಾ ಚಿತ್ರ ಹರವುವ ಮುನ್ನ ಆರು ತಿಂಗಳು ಅದು ಗಿಡ್ಡಮ್ಮನ ಮಂಚದ ಮೇಲಿತ್ತು, ಅವರು ಅದನ್ನು ಓದಿರಲಿಲ್ಲ.

ವ್ಯಾನು ಚನ್ನಗಿರಿಗೆ ವಾಪಸು ಹೊರಟು ಜಗಳೂರು ದಾಟಿತು, ದಾವಣಗೆರೆ ದಾಟಿತು. ರಕ್ಷಾ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಇನ್ನೊಬ್ಬರನ್ನು ಹುಡುಕುವುದು ಎರಡು ದಿನದಲ್ಲಿ ಆಗದ ಮಾತು ಎಂದು ಅವಳಿಗೆ ತಿಳಿದಿತ್ತು. ಗೌಸ್‌ಪೀರ್ ಎರಡು ಸಲ ಏನೋ ತಮಾಷೆ ಶುರು ಮಾಡಿ, ಹಿಂದೆ ಇಬ್ಬರೂ ಕಲ್ಲಾಗಿ ಕೂತದ್ದನ್ನು ಕನ್ನಡಿಯಲ್ಲಿ ಕಂಡು ಸುಮ್ಮನಾದ. ಧರ್ಮಪ್ಪನವರು ಮನಸ್ಸಿನಲ್ಲಿ ದೇವಿಯೊಡನೆ ವಾದಿಸುತ್ತಿದ್ದರು. ಆಣೆ ಮಾಡಿದ್ದು ಮಗುವಿನ ಕೆಲಸ ಕೆಡಬಾರದೆಂದು. ಈಗ ಸುಮ್ಮನಿದ್ದರೆ ಅವಳ ಕೆಲಸವೂ ಕೆಡುತ್ತದೆ, ಮಾತು ಉಳಿದ ಒಬ್ಬ ಮನುಷ್ಯನನ್ನು ಮಾತಿಲ್ಲದವನೆಂದು ಬರೆದಂತಾಗುತ್ತದೆ. ಇದನ್ನು ತಾಯಿ ಮೆಚ್ಚುತ್ತಾಳೆಯೇ? ಮೆಚ್ಚುವವಳಾಗಿದ್ದರೆ ಇಷ್ಟು ಸಂಕಟ ಏಕೆ ಕೊಡುತ್ತಿದ್ದಳು?

ತ್ಯಾವಣಿಗೆಯಲ್ಲಿ ಗೌಸ್‌ಪೀರ್ ಚಹಾಕ್ಕೆ ವ್ಯಾನು ನಿಲ್ಲಿಸಿದ. ಇನ್ನೂ ಬೆಳಕಿತ್ತು. ರಸ್ತೆಯ ಬದಿಯಲ್ಲಿ ಉದ್ದಕ್ಕೂ ಭತ್ತ ಒಣಹಾಕಿದ್ದರು. ಧರ್ಮಪ್ಪನವರು ಇಳಿದು, ಕೆನ್ನೆ ಕೆನ್ನೆ ಬಡಿದುಕೊಂಡು, ರಕ್ಷಾಳ ಮುಂದೆ ನಿಂತರು.

"ಅವ್ವಾ, ಆಣೆ ಮುರೀತೀನಿ. ಪಾಪ ಬಂದ್ರೆ ನಂಗೇ ಬರ್ಲಿ. ಆ ಯಜಮಾನ್ರು ಹೇಳಿದ್ದು ಸರಿ ಐತೆ. ಲಾಭ ಅಂದ್ರೆ ಒಂದು."

"ಏನಂದ್ರಿ ತಾತ?"

"ಕಾಳು ಅಳಿಯಾಗ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ. ಒಂದು ಅಂದ್ರೆ ಒಂಟಿ ಆತು, ಶುಭ ಅಲ್ಲ ಅಂತ. ಲಾಭ ಅನ್ನಬೇಕು. ಆಮೇಲೆ ಎರಡು, ಮೂರು. ಎಲ್ಲಾ ಕಣದಾಗೂ ಹಂಗೇ. ಮತ್ತೆ, ಸೇರು ತುಂಬಿ ಸುರಿಯೋ ತನಕ ಅದನ್ನೇ ಅಂತಿರಬೇಕು, ಲೆಕ್ಕ ಮರೀಬಾರದು ಅಂತ. ಲಾಭ, ಲಾಭ, ಲಾಭ... ಸುರಿದ ಮೇಲೆ ಎರಡು, ಎರಡು, ಎರಡು..."

ರಕ್ಷಾಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅವಳು ಮೆಲ್ಲಗೆ ಹೇಳಿದಳು: "ಯಾರೂ ಸುರಿಯಲಿಲ್ಲ. ಅದಕ್ಕೇ ಅವರು ಎರಡಕ್ಕೆ ಹೋಗಲಿಲ್ಲ. ನಾನು ಒಂದು ಅಂದಾಗ ತಲೆ ಆಡಿಸಿದ್ರಲ್ಲ, ನನ್ನ ತಪ್ಪು ತಿದ್ದಿದ್ರು. ಮೂರು ಸಲ ಬಾಯಿ ಮುಚ್ಚಿಸಿಬಿಟ್ಟೆ ತಾತ."

"ತಪ್ಪು ನಂದು. ಅಲ್ಲೇ ಹೇಳ್ಬೇಕಿತ್ತು."

"ಆಣೆ ಪರೀಕ್ಷೆಗೆ ಇತ್ತು ತಾತ. ಪರೀಕ್ಷೆ ಮುಗಿದ ಮೇಲೆ ನನಗೆ ಹೇಳಾಕೆ ಏನಿತ್ತು?"

 ಗೌಸ್‌ಪೀರ್ ಬಿಸ್ಕತ್ತು ಅಗಿಯುತ್ತ, "ನಮ್ಮೋರು ಲಾಭ ಅನ್ನಲ್ಲ, ಬರ್ಕತ್ ಅಂತಾರೆ. ಬರ್ಕತ್, ದೋ, ತೀನ್" ಎಂದ. ರಕ್ಷಾ ಇಬ್ಬರನ್ನೂ ಬಿಟ್ಟ ಕಣ್ಣು ಮುಚ್ಚದೆ ನೋಡಿದಳು. "ಈ ನಾಲ್ಕು ತಾಲ್ಲೂಕಿನಾಗೆ ಹುಟ್ಟಿ ಬೆಳೆದೋಳು ನಾನು. ಅಂಗಡಿಯಾಗೆ ತಕ್ಕಡಿ ಬಿಟ್ರೆ ಬೇರೆ ನೋಡೇ ಇಲ್ಲ" ಎಂದು ಅಲ್ಲಿಂದಲೇ ಮೈಸೂರಿಗೆ ಫೋನು ಮಾಡಿದಳು.

ಜ್ಯೋತಿಲಕ್ಷ್ಮಿ ಮೇಡಂ ಕೊನೆಯವರೆಗೂ ಕೇಳಿದರು. ರಕ್ಷಾ ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ಧರ್ಮಪ್ಪನವರಿಗೂ ಕೇಳಿಸಿತು.

"ಯಾರು ಹೇಳಿದ್ರು ಇದನ್ನ?"

"ನಮ್ಮ ತಾತ, ಮೇಡಂ."

"ತಾತ ಹೇಳಿದ್ರು ಅಂತ ಪ್ರಬಂಧದಲ್ಲಿ ಬರೆಯೋಕಾಗಲ್ಲ ರಕ್ಷಾ. ಲಕ್ವ ಹೊಡೆಯದ, ಅದೇ ಕೆಲಸ ಮಾಡಿದ ಐದು ಜನ ಹಾಗೇ ಎಣಿಸ್ತಾರಾ? ಬೇರೆ ಬೇರೆ ಊರಿಂದ ರೆಕಾರ್ಡ್ ಮಾಡು. ನೀನು ಏನೂ ಹೇಳಿಕೊಡಬೇಡ. ಆಮೇಲೆ ಅವರನ್ನ ಇನ್ನೊಂದು ಸಲ ನೋಡು, ಸೇರು ಇಟ್ಟು. ಮೊದಲನೇ ಸಲ ಏನಾಯ್ತು ಅನ್ನೋದನ್ನೂ ಮುಚ್ಚಿಡಬೇಡ, ನಿನ್ನ ತಪ್ಪು ಅಂತಲೇ ಬರಿ."

"ಬರೀತೀನಿ ಮೇಡಂ."

"ಸೋಮವಾರ ಅಂದ್ರೆ ಸೋಮವಾರವೇ" ಎಂದು ಮೇಡಂ ಫೋನಿಟ್ಟರು. ಧರ್ಮಪ್ಪನವರಿಗೆ ಆ ಕಾಣದ ಹೆಂಗಸಿನ ಮೇಲೆ ಬಹಳ ಗೌರವ ಬಂತು. ತಾತನ ಮಾತನ್ನೂ ತೂಗಿ ನೋಡುವ ಓದು ಇದು; ಹಾಗಾದರೆ ಗಟ್ಟಿ ಓದೇ ಸರಿ.

ತ್ಯಾವಣಿಗೆಯಲ್ಲೇ ಜಂಪಣ್ಣ ಎಂಬ ಹಳೆಯ ಅಳತೆಗಾರ ಇದ್ದಾನೆಂದು ಅವರಿಗೆ ಗೊತ್ತಿತ್ತು. ಪ್ರತಿ ಅಮಾವಾಸ್ಯೆಗೆ ಅವರ ಬಸ್ಸಿನಲ್ಲಿ ಬರುತ್ತಿದ್ದವನು. ಅವನನ್ನು ಚಹಾ ಅಂಗಡಿಗೇ ಕರೆಸಿದರು. ರಕ್ಷಾ ಒಂದು ಸೇರು ಮುಂದಿಟ್ಟು, "ಈ ಭತ್ತ ಅಳೀರಿ" ಎಂದಷ್ಟೇ ಹೇಳಿದಳು. ಜಂಪಣ್ಣ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ಯಾಕವ್ವಾ, ಎಂ.ಎಸ್ಸಿ. ಓದಿದೋರಿಗೆ ಸೇರು ಅಳಿಯಾಕೆ ಬರಲ್ವಾ?"

"ಬರಲ್ಲ ಕಾಕಾ, ಅದಕ್ಕೇ ಕರೆದಿದ್ದು."

ಆ ಉತ್ತರಕ್ಕೆ ಅವನು ಖುಷಿಯಾಗಿ ಕೂತು, ಪೇಟ ಸರಿಮಾಡಿಕೊಂಡು, ಮೊದಲ ಸೇರು ತುಂಬುತ್ತಲೇ ರಾಗವಾಗಿ "ಲಾಭ... ಲಾಭ... ಲಾಭ..." ಎಂದು ಶುರು ಮಾಡಿದ. ಮೊಬೈಲು ಅದನ್ನು ಹಿಡಿದುಕೊಂಡಿತು.

ಶನಿವಾರ ಬೆಳಿಗ್ಗೆಯಿಂದ ಓಡಾಟ. ಚನ್ನಗಿರಿಯಲ್ಲಿ ಸಿಕ್ಕವನು ಅಡಿಕೆ ಮಂಡಿಯ ಹಮಾಲಿ. ತೂಕದ ಕೆಲಸ ಮಾಡಿದವನು. ಅವನು ಸೀದಾ "ಒಂದು, ಎರಡು" ಎಂದ. ಧರ್ಮಪ್ಪನವರಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ರಕ್ಷಾ ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡಳು. "ಹಿಂಗೂ ಇರುತ್ತೆ ತಾತ. ಇದನ್ನ ಬಿಟ್ರೆ ಸುಳ್ಳು ಹೇಳಿದಂಗೆ." ಹೊನ್ನಾಳಿಯಲ್ಲಿ ಇಬ್ಬರು ಲಾಭದಿಂದಲೇ ಎಣಿಸಿದರು. ನ್ಯಾಮತಿಯಲ್ಲಿ ಮಂಡಕ್ಕಿ ಮಾರುವ ಅಖ್ತರ್‌ಬೀ ಸೇರು ಎತ್ತಿ "ಬರ್ಕತ್" ಎಂದಳು. ಗೌಸ್‌ಪೀರ್ ಪರೀಕ್ಷೆಯಲ್ಲಿ ತಾನೇ ಪಾಸಾದಂತೆ ಎದೆ ಉಬ್ಬಿಸಿದ. ಅಖ್ತರ್‌ಬೀ ಅಳೆದ ಮಂಡಕ್ಕಿಯನ್ನೆಲ್ಲ ಅವನ ತಲೆಗೇ ಕಟ್ಟಿದಳು.

ಭಾನುವಾರ ಹತ್ತು ಗಂಟೆಗೆ ಮತ್ತೆ ಸೊಕ್ಕೆ. ನಾಗರತ್ನ ಇವರನ್ನು ಕಂಡು ಗಾಬರಿಯಾದಳು.

"ಅಕ್ಕ, ಮೊನ್ನೆ ನಾನು ತಪ್ಪು ಮಾಡಿದೆ. ನಿಮ್ಮ ಮಾವ ಸರಿಯಾಗೇ ಹೇಳಿದ್ರು, ನನಗೆ ಗೊತ್ತಾಗಲಿಲ್ಲ. ಇನ್ನೊಂದು ಸಲ ನೋಡಾಕೆ ಬಂದೀನಿ" ಎಂದಳು ರಕ್ಷಾ. ಆಮೇಲೆ ಚಿಕ್ಕಹನುಮಂತಪ್ಪನವರ ಮುಂದೆ ಮೊಣಕಾಲೂರಿ ಕೂತು ಅದನ್ನೇ ಅವರಿಗೂ ಹೇಳಿದಳು. ಮೆಲ್ಲಗೆ, ಮುಖ ನೋಡಿಕೊಂಡು. ಮುದುಕ ಅವಳ ತಲೆಯ ಮೇಲೆ ಎಡಗೈ ಇಟ್ಟರು. ಧರ್ಮಪ್ಪನವರು ಮುಖವನ್ನು ಬೇವಿನ ಮರದ ಕಡೆ ತಿರುಗಿಸಿದರು. ಗಿಡ್ಡಮ್ಮ ಇದ್ದಿದ್ದರೆ ಎಂದು ಒಮ್ಮೆ ಅನ್ನಿಸಿತು, ಅನ್ನಿಸಿದ್ದನ್ನು ನುಂಗಿದರು.

ನಾಗರತ್ನ ಅಟ್ಟದಿಂದ ಮಾವನ ಹಿತ್ತಾಳೆಯ ಕಟ್ಟಿನ ಸೇರು ತೆಗೆದು, ಒರೆಸಿ, ರಾಶಿಯ ಮುಂದೆ ಇಟ್ಟಳು. ಚಿಕ್ಕಹನುಮಂತಪ್ಪನವರ ಕಣ್ಣು ಅರಳಿತು. ಅವರು ಬಗ್ಗಿದರು. ಸೇರಿನ ಹತ್ತಿರ ಎಡಗೈ ಹೋಯಿತು, ಅಲ್ಲೇ ನಿಂತಿತು. ಕೈ ಹಿಂದಕ್ಕೆ ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. "ಆ... ಆ..." ಎಂದು ತಲೆ ಆಡಿಸಿದರು. ರಕ್ಷಾ ಇನ್ನೊಮ್ಮೆ ಸೇರನ್ನು ಹತ್ತಿರ ಸರಿಸಿದಳು. ಅವರು ಅದಕ್ಕೆ ತಾಗದಂತೆ ಜೋಪಾನವಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು.

ರಕ್ಷಾ ಈ ಸಲ ಪೆನ್ನು ಎತ್ತಲಿಲ್ಲ. ಎದ್ದು ತಾತನ ಹತ್ತಿರ ಬಂದಳು.

"ತಾತ, ಪರೀಕ್ಷೆ ಇನ್ನೂ ಶುರು ಆಗಿಲ್ಲ. ಕೇಳ್ತೀನಿ, ಹೇಳ್ರಿ. ಯಾಕೆ ಬೇಡ ಅಂತಿದಾರೆ?"

"ಎಡಗೈಲಿ ರಾಶಿ ಮುಟ್ಟಂಗಿಲ್ಲವ್ವ. ಅನ್ನ ಅದು. ಬಲಗೈ ಬಿದ್ದೈತೆ. ಹೆಂಗೆ ಅಳೀತಾರೆ?"

"ಹಂಗಾದ್ರೆ?"

"ಬೇರೆಯೋರು ಅಳೆದು, ಅವರು ಎಣಿಸಬೌದು. ದೊಡ್ಡ ಕಣದಾಗೆ ಹಂಗೇ ಮಾಡೋದು. ಒಬ್ಬ ಸುರೀತಾನೆ, ಯಜಮಾನ ಎಣಿಸ್ತಾನೆ."

ರಕ್ಷಾ ಸ್ವಲ್ಪ ಯೋಚಿಸಿ, ಕಾಗದದ ಮೇಲೆ ಎರಡು ಸಾಲು ಬರೆದು, "ನೀವೇ ಸುರೀರಿ. ಬಾಯಿ ಮಾತ್ರ..." ಎಂದಳು.

"ಗೊತ್ತೈತೆ ಕಣವ್ವ, ಗೊತ್ತೈತೆ."

ಧರ್ಮಪ್ಪನವರು ಚಪ್ಪಲಿ ಬಿಟ್ಟು, ರಾಶಿಗೆ ಕೈ ಮುಗಿದು, ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕಪಕ್ಕದ ಮನೆಯವರು ಮೂರು ನಾಲ್ಕು ಮಂದಿ ಬೇಲಿಯ ಹತ್ತಿರ ಬಂದು ನಿಂತಿದ್ದರು. ರಕ್ಷಾ ಮೊಬೈಲು ಒತ್ತಿ, "ಯಜಮಾನ್ರೆ, ಎಣಿಸ್ರಿ" ಎಂದಳು.

ಸೇರು ರಾಶಿಯೊಳಗೆ ಇಳಿಯಿತು.

"ಲಾಭ... ಲಾಭ... ಲಾಭ..."

ಧರ್ಮಪ್ಪನವರು ಚೀಲಕ್ಕೆ ಸುರಿದರು.  ನಾಗರತ್ನ ಸೆರಗು ಬಾಯಿಗೆ ಒತ್ತಿಕೊಂಡಳು.

"ಎರಡು" ಎಂದರು ಚಿಕ್ಕಹನುಮಂತಪ್ಪ. "ಎರಡು... ಎರಡು..."

ಆಮೇಲೆ ನಿಲ್ಲಲಿಲ್ಲ. ಮೂರು ಬಂತು, ನಾಲ್ಕು ಬಂತು. ಐದಕ್ಕೆ ದನಿ ಏರಿತು, ಎಂಟಕ್ಕೆ ರಾಗ ಹತ್ತಿತು. ಧರ್ಮಪ್ಪನವರು ಆತುರದಲ್ಲಿ ಸೇರನ್ನು ಗೀರಿ ಸಮ ಮಾಡದೆ ಎತ್ತಿದಾಗ ಮುದುಕ ಎಡಗೈ ಬೀಸಿ ಗದರಿದರು. ಸಮ ಮಾಡಿದ ಮೇಲೆಯೇ "ಹನ್ನೊಂದು" ಎಂದದ್ದು. ಬೇಲಿಯ ಹತ್ತಿರ ಯಾರೋ, "ಏ, ಇವ್ನು ಹಳೇ ಚಿಕ್ಕಣ್ಣನೇ ಕಣಲೋ!" ಎಂದರು. ರಕ್ಷಾ ತಲೆ ಎತ್ತದೆ ಅಂಕಿಗೊಂದು ಗುರುತು ಹಾಕುತ್ತಿದ್ದಳು.

ಹದಿನೆಂಟಾಯಿತು. ಧರ್ಮಪ್ಪನವರು ಮುಂದಿನ ಸೇರು ತುಂಬಿದರು. "ಹದಿನೆಂಟು... ಹದಿ... ಹದಿನೆಂಟು..." ಎಂದರು ಮುದುಕ. ಮುಂದಿನದು ಬಾಯಿಗೆ ಬರುತ್ತಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಹಣೆಯ ಮೇಲೆ ಬೆವರು ಮೂಡಿತು. ಕಣ್ಣು ಧರ್ಮಪ್ಪನವರ ಬಾಯಿಯನ್ನು ಹುಡುಕಿತು. ಸುರಿಯುವವನು ಎಣಿಸುವವನಿಗೆ ನೆನಪು ಕೊಡುವುದು ಕಣದ ರೂಢಿ. ಧರ್ಮಪ್ಪನವರ ನಾಲಿಗೆಯ ತುದಿಗೆ ಆ ಅಂಕಿ ಬಂದು ಕೂತಿತ್ತು. ಅವರು ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಲೆ ಬಗ್ಗಿಸಿ, ಆ ಸೇರನ್ನು ಸುರಿದು ಮತ್ತೊಂದನ್ನು ತುಂಬಿದರು.

"ಇಪ್ಪತ್ತು!" ಎಂದರು ಚಿಕ್ಕಹನುಮಂತಪ್ಪ.

ಬೇಲಿಯವರು ಚಪ್ಪಾಳೆ ತಟ್ಟಿದರು. ನಾಗರತ್ನ ಅಳುತ್ತ ನಕ್ಕಳು. ರಕ್ಷಾ ಹತ್ತೊಂಬತ್ತರ ಮನೆಯಲ್ಲಿ ತಪ್ಪು ಗುರುತು ಹಾಕಿದಳು. ನಾಗರತ್ನ ಅದನ್ನು ಕಂಡು, "ಒಂದು ತಾನೆ ಅಮ್ಮ, ಬಿಟ್ಟಾಕ್ರಿ. ಇಷ್ಟು ಚೆಂದಾಗಿ ಹೇಳ್ಯಾರೆ" ಎಂದಳು.

"ಬಿಡಾಕೆ ಬರಲ್ಲ ಅಕ್ಕ. ಎಲ್ಲಿ ಎಡವಿದ್ರು ಅಂತ ಗೊತ್ತಾದ್ರೇನೆ ಪಾಠ ಎಲ್ಲಿಂದ ಅಂತ ಗೊತ್ತಾಗೋದು. ಇಪ್ಪತ್ತಕ್ಕೆ ಹತ್ತೊಂಬತ್ತು. ನನಗೆ ಬೇಕಿದ್ದು ಹತ್ತು." ಅವಳು ಎದ್ದು, ಬೇಲಿಯವರಿಗೂ ಕೇಳುವ ಹಾಗೆ ಹೇಳಿದಳು: "ಇವರಿಗೆ ಬುದ್ಧಿ ಐತೆ. ಎಲ್ಲಾ ತಿಳೀತೈತೆ. ಮಾತು ಹೊರಗೆ ಬರೋ ದಾರಿ ಕೆಟ್ಟೈತೆ, ಅಷ್ಟೆ. ಮದುವೆ, ಹಬ್ಬಕ್ಕೆ ಕರೀರಿ. ಏನಾದ್ರೂ ಹೇಳೋದಿದ್ರೆ ಇವರ ಮುಂದೆ ಕೂತು, ನಿಧಾನಕ್ಕೆ ಹೇಳ್ರಿ."

ಬೇಲಿಯವರಲ್ಲಿ ಇಬ್ಬರು ನೆಲ ನೋಡಿದರು. ಒಬ್ಬ ಮುದುಕ ಮಾತ್ರ ಒಳಗೆ ಬಂದು ಚಿಕ್ಕಹನುಮಂತಪ್ಪನವರ ಪಕ್ಕದ ಕಲ್ಲಿನ ಮೇಲೆ ಕೂತ.

ಉಳಿದ ಪರೀಕ್ಷೆಗಳು ಎರಡು ಗಂಟೆ ಹಿಡಿದವು. ಧರ್ಮಪ್ಪನವರು ತಾವಾಗಿಯೇ ಎದ್ದು ಹೊರಗೆ ಹೋಗಿ ವ್ಯಾನಿನ ಬಾಗಿಲಲ್ಲಿ ಕೂತರು. ಅವು ಮುಗಿದು, ರಕ್ಷಾ ನಾಗರತ್ನಳಿಗೆ ಪಾಠದ ದಿನ ಹೇಳುವುದು ಕೇಳಿಸುವ ಹೊತ್ತಿಗೆ ಗೌಸ್‌ಪೀರ್ ನಿದ್ದೆಯಿಂದ ಎದ್ದ.

"ಏನಾತ್ರಿ ಸಾಹೇಬ್ರೆ? ಪಾಸೋ ಫೇಲೋ?"

"ಪಾಸು. ಇಪ್ಪತ್ನಾಲ್ಕೂ ಆತು."

"ಹಂಗಾದ್ರೆ ನೂರಕ್ಕೆ ನೂರು!"

"ಇಲ್ಲ" ಎಂದರು ಧರ್ಮಪ್ಪನವರು. ತುಟಿಯ ಮೇಲೆ ಹಲ್ಲಿನ ಗುರುತು ಇನ್ನೂ ಉರಿಯುತ್ತಿತ್ತು. "ಒಂದು ತಪ್ಪಿತು. ಊರೆಲ್ಲ ಚಪ್ಪಾಳೆ ಹೊಡೀತಾ ಇದ್ರೂ ನಮ್ಮ ಹುಡುಗಿ ಅದನ್ನ ಬರ್ಕೊಂಡ್ಲು ನೋಡು. ಗುರುವಾರ ನಾಲ್ಕು ಗಂಟೆಗೆ ಅವರಿಗೆ ಮೊದಲ್ನೇ ಪಾಠ. ಹತ್ತೊಂಬತ್ತರಿಂದ."